ಕತ್ತು ಹೊರಳಿಸದೆ

ಹಳೆಯದನ್ನು ಬಿಚ್ಚಿದ್ದು ನಾನೇ.
ಟ್ರೊಮ್ಸೋ ಹ್ಯಾಂಗರಿನಲ್ಲಿ, ಜನವರಿ, ಹೊರಗೆ ಹಗಲೆಂಬುದೇ ಇಲ್ಲ.
ವಿಮಾನದ ಬೆನ್ನ ಮೇಲಿನ ಗೂನು ತೆಗೆದರೆ
ಒಳಗೊಂದು ಪುಟ್ಟ ತಟ್ಟೆ, ಎರಡು ಮೋಟಾರು,
ಸವೆದ ಹಲ್ಲುಚಕ್ರ, ಗ್ರೀಸಿನ ವಾಸನೆ.
ಎಂಟು ವರ್ಷ ಕತ್ತು ಹೊರಳಿಸಿ ಹೊರಳಿಸಿ
ದಕ್ಷಿಣದ ಅಂಚಿಗೆ ಅಂಟಿದ ಒಂದೇ ಉಪಗ್ರಹವನ್ನು
ಹುಡುಕಿದ್ದೇ ಅದರ ಬಾಳು.
ನಮ್ಮ ಕಡೆ ಆ ಉಪಗ್ರಹ ನೆತ್ತಿಗೆ ಏರುವುದಿಲ್ಲ,
ಗುಡ್ಡದ ಹೆಗಲಾಚೆಯಿಂದ ಇಣುಕುವ ನೆರೆಯವನ ಹಾಗೆ.
ವಿಮಾನ ತುಸು ವಾಲಿದರೆ ರೆಕ್ಕೆ ಅಡ್ಡ,
ನೆಟ್ಟಗೆ ಹಾರಿದರೆ ಪ್ರೊಪೆಲರ್ ಅಡ್ಡ:
ಆರು ಅಲಗು ಸೇರಿ
ಮಾತನ್ನು ಈರುಳ್ಳಿಯಂತೆ ಹೆಚ್ಚಿ ಚೆಲ್ಲುತ್ತಿದ್ದವು.

ಹೊಸದು ಮರದ ಪೆಟ್ಟಿಗೆಯಲ್ಲಿ ಬಂತು.
ಕದದ ಹಲಗೆಯಷ್ಟು ಅಗಲ, ಲಟ್ಟಣಿಗೆಯ ಮಣೆಯಷ್ಟು ದಪ್ಪ,
ಅಲುಗುವ ಭಾಗ ಒಂದೂ ಇಲ್ಲ.
"ತಿರುಗೋದೇ ಇಲ್ವಲ್ಲ ಇದು" ಎಂದ ಓಡ್‌ಲೈಫ್,
ಮೂವತ್ತು ವರ್ಷ ಬೇರಿಂಗುಗಳ ಜೊತೆ ಸಂಸಾರ ಮಾಡಿದವನು,
ಹಳಸಿದ ಮೀನನ್ನು ಒತ್ತಿ ನೋಡುವಂತೆ ಬೆರಳಿನಿಂದ ಒತ್ತಿ ನೋಡಿದ.

ತಿರುಗುವುದಿಲ್ಲ.
ಒಳಗೆ ಸಾವಿರಾರು ಸಣ್ಣ ಬಾಯಿ, ಎಲ್ಲಕ್ಕೂ ಒಂದೇ ಮಾತು.
ಎಡಬದಿಯವು ಕೂದಲೆಳೆಯಷ್ಟು ತಡೆದು ನುಡಿದರೆ
ಮಾತು ಎಡಕ್ಕೆ ವಾಲುತ್ತದೆ,
ಬಲಬದಿಯವು ತಡೆದರೆ ಬಲಕ್ಕೆ.
ಇಷ್ಟೇ ಗುಟ್ಟು,
ಯಾರು ಎಷ್ಟು ಹೊತ್ತು ತುಟಿ ಬಿಗಿಹಿಡಿಯಬೇಕು ಎಂಬ ಲೆಕ್ಕ.
ಧ್ರುವದ ಮೇಲಿಂದ ತಗ್ಗಿನಲ್ಲಿ ಓಡಿಬರುವ ಉಪಗ್ರಹಗಳಲ್ಲಿ
ಒಂದರ ಕೈ ಬಿಡುವ ಮೊದಲೇ ಇನ್ನೊಂದರ ಕೈ.

ಇದನ್ನೆಲ್ಲ ವಿವರಿಸಿದೆ.
ಓಡ್‌ಲೈಫ್ ಸೀಲಂಟಿನ ಟ್ಯೂಬು ಹಿಂಡುತ್ತ,
"ನಮ್ಮಮ್ಮನೂ ಹಾಗೇ" ಎಂದ,
"ಕತ್ತು ಹೊರಳಿಸದೆ ಇಡೀ ಅಡುಗೆಮನೆ ನೋಡ್ತಿದ್ದಳು."

ಪರೀಕ್ಷೆಯ ದಿನ. ವಾರ್ಡೊದಿಂದ ಶಿರ್ಕೆನೆಸ್.
ಹದಿನೇಳು ನಿಮಿಷದ ಹಾರಾಟ,
ಅದರಲ್ಲಿ ಏರಲು ಏಳು, ಇಳಿಯಲು ಎಂಟು.
ಇಷ್ಟಕ್ಕೆ ಇಂಟರ್ನೆಟ್ ಯಾಕೆ ಎಂದು ಕೇಳುವವರಿದ್ದರು.
ನನಗೂ ಉತ್ತರ ತಿಳಿದಿರಲಿಲ್ಲ.
ಕೊನೆಯ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್,
ಒಂದು ಹಸಿರು ಗೆರೆ ಕಾಯುತ್ತಿದ್ದೆ
ಹಾಲು ಉಕ್ಕುವುದನ್ನು ಕಾಯುವವಳ ಹಾಗೆ.

ಆರನೇ ಸಾಲಿನಲ್ಲಿ ಐಲಿವ್, ಹೆಸರು ಆಮೇಲೆ ಗೊತ್ತಾಯಿತು,
ಏಡಿ ಹಿಡಿಯುವವನು, ಹುಟ್ಟು ಕಿವುಡ.
ಮುಂದಿನ ಸೀಟಿನ ಬೆನ್ನಿಗೆ ಫೋನು ಒರಗಿಸಿ
ಅದರೊಳಗಿನ ಅಕ್ಕನ ಜೊತೆ
ಎರಡೂ ಕೈಯಿಂದ ಜಗಳವಾಡುತ್ತಿದ್ದ.
ಉಪ್ಪಿಗೆ ಬಿರಿದ ಬೆರಳು ಗಾಳಿಯನ್ನು ಕುಟ್ಟಿದವು, ಸೀಳಿದವು,
ಪಕ್ಕದವರ ಕಾಫಿ ಲೋಟವನ್ನು ಒಮ್ಮೆ ಉರುಳಿಸಿದವು.
ಆ ಭಾಷೆ ನನಗೆ ಬಾರದು.
ಆದರೂ ದೋಣಿ ಎಂಬುದು ತಿಳಿಯಿತು,
ದೋಣಿ, ಮಾರುವುದು, ಇಲ್ಲ, ಇಲ್ಲ, ಇಲ್ಲ.

ಹಳೆಯ ತಟ್ಟೆಯ ಕಾಲದಲ್ಲಾಗಿದ್ದರೆ
ಒಂದು ಕೈ ಅರ್ಧ ಎತ್ತಿದಲ್ಲೇ ಹೆಪ್ಪುಗಟ್ಟಿ
'ಇಲ್ಲ' ಎಂಬುದು 'ಇ' ಆಗಿ ನಿಲ್ಲುತ್ತಿತ್ತು.

ವರಾಂಗರ್ ಖಾರಿಯ ಮೇಲೆ ವಿಮಾನ ವಾಲಿತು.
ಉಸಿರು ಹಿಡಿದೆ.
ಗೆರೆ ಅಲುಗಲಿಲ್ಲ.
ಎಳ್ಳಷ್ಟೂ ಅಲುಗಲಿಲ್ಲ.
ಎಲ್ಲಿ ನೋಡಬೇಕೋ ಅಲ್ಲೇ ನೋಡುತ್ತಿತ್ತು ನನ್ನ ಹಲಗೆ,
ಮೈಮೇಲೆ ಮಂಜು ಕೂತರೂ.

ಆಗ ಅಕ್ಕ
ಕಣ್ಣು ಮುಚ್ಚಿದಳು.
ಸಿಟ್ಟಿನಿಂದ, ಬೇಕೆಂದೇ, ಗಟ್ಟಿಯಾಗಿ.
ಅವರ ಭಾಷೆಯಲ್ಲಿ ಅದೇ ಬಾಗಿಲು ಬಡಿಯುವುದು.
ಐಲಿವ್‌ನ ಕೈಗಳು ಗಾಳಿಯಲ್ಲೇ ನಿಂತವು,
ಸಂಪರ್ಕ ಪೂರ್ತಿ ಇದ್ದೂ.

ವರದಿಯಲ್ಲಿ ಬರೆದೆ: ಕಡಿತ, ಸೊನ್ನೆ.

ಚಕ್ರ ನೆಲ ಮುಟ್ಟುವ ಮುನ್ನ ಮತ್ತೊಮ್ಮೆ ಆ ಪರದೆ ನೋಡಿದೆ.
ಅಕ್ಕ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು
ತಮ್ಮ ಇನ್ನೂ ಇದ್ದಾನೆಯೇ ಎಂದು ನೋಡುತ್ತಿದ್ದಳು.
ಅವನು ಎರಡೂ ಕೈ
ತೊಡೆಯ ಮೇಲಿಟ್ಟುಕೊಂಡು
ಕಾಯುತ್ತಿದ್ದ.